ಅಜ್ಜಿಯ ಗಂಟಲು ಹೋಯ್ತಾ, ನಮ್ಮ ಕಿವಿ ಹೋಯ್ತಾ?

ಇವತ್ತಿನ ಸಂಚಿಕೆ ಶುರುವಾಗಿದ್ದು ಹದಿನೆಂಟು ಸೆಕೆಂಡಿನ ಒಂದು ವಿಡಿಯೊದಿಂದ.

ಎರಡು ವರ್ಷದ ಹಿಂದೆ ಅರಸೀಕೆರೆ ಹತ್ತಿರದ ನಮ್ಮೂರಲ್ಲಿ ಚಿಕ್ಕಪ್ಪನ ಮಗಳ ಮದುವೆ. ಹಸೆಮಣೆ ಮುಂದೆ ನಮ್ಮಜ್ಜಿ ಆರತಿ ಹಾಡು ಎತ್ತಿಕೊಂಡಳು. ಆಗ ಅವಳಿಗೆ ಎಪ್ಪತ್ತಾರು. ಮೇಲಿನ ಸ್ವರಕ್ಕೆ ಹೋದಾಗ ದನಿ ಫಟ್ ಅಂತ ಒಡೆಯಿತು, ಸ್ವಲ್ಪ ಕೆಮ್ಮಿ ಮುಂದುವರಿಸಿದಳು. ಯಾರೋ ಅದನ್ನ ಫೋನಲ್ಲಿ ಹಿಡಿದು, ದನಿ ಒಡೆಯೋ ಜಾಗವನ್ನಷ್ಟೇ ಕತ್ತರಿಸಿ, ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದರು. ಕೆಳಗೆ ನಗೋ ಇಮೋಜಿಗಳ ಸಾಲು. ಅದರಲ್ಲಿ ಒಂದು ನಂದು. ಇದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ನಾನು ದೊಡ್ಡ ಮನುಷ್ಯನ ಥರ ಮಾತಾಡಿದೆ ಅನ್ನಿಸಬಾರದು.

ಈ ವರ್ಷ ಇನ್ನೊಂದು ಮದುವೆ. ಅಜ್ಜಿ ಛತ್ರದ ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದಳು. "ಯಾಕಜ್ಜಿ, ಹಾಡಲ್ವಾ?" ಅಂದೆ. "ಗಂಟ್ಲು ಹೋಯ್ತು ಕಣ್ ಮಗ. ಕೇಳೋರ್ಗ್ಯಾಕೆ ತೊಂದ್ರೆ?" ಅಂದಳು. ಅಷ್ಟೇ. ಸ್ಪೀಕರ್‌ನಲ್ಲಿ ಸಿನಿಮಾ ಹಾಡು ಜೋರಾಗಿ ಬರ್ತಾ ಇತ್ತು, ಮುಂದಕ್ಕೆ ಮಾತಾಡೋಕೂ ಆಗಲಿಲ್ಲ.

ಗಂಟಲು ಹೋಗೋದು ಅಂದ್ರೆ ನಿಜವಾಗಿ ಏನು? ವಯಸ್ಸಾದಂತೆ ಹಾಡೋ ಶಕ್ತಿ ಹೋಗುತ್ತಾ, ಅಥವಾ ಅದು ಬೇರೆ ಏನೋ ಆಗುತ್ತಾ? ಮತ್ತೆ, ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ತೀರ್ಪು ಕೊಡೋ ನಮ್ಮ ಕಿವಿ ಎಷ್ಟು ನಂಬಿಕಸ್ಥ? ಇದನ್ನೇ ಓದ್ತಾ, ಕೇಳ್ತಾ ಒಂದು ತಿಂಗಳು ಕಳೆದೆ.

ಮೊದಲು ಯಂತ್ರ ನೋಡೋಣ. ಗಂಟಲಿನಲ್ಲಿ ಧ್ವನಿಪೆಟ್ಟಿಗೆ, ಅದರೊಳಗೆ ಎರಡು ಮೆತ್ತನೆಯ ಮಡಿಕೆಗಳು. ಅವನ್ನ ಧ್ವನಿತಂತು ಅಂತೀವಿ. ತಂತಿ ಅಂದಕೂಡಲೇ ವೀಣೆಯ ತಂತಿ ನೆನಪಾಗುತ್ತೆ, ಆದರೆ ಇವು ತಂತಿಗಿಂತ ತುಟಿಗೆ ಹತ್ತಿರ. ಶ್ವಾಸಕೋಶದಿಂದ ಗಾಳಿ ಬಂದಾಗ ಎರಡೂ ಒಂದಕ್ಕೊಂದು ತಾಗಿ ಬಿಟ್ಟು, ತಾಗಿ ಬಿಟ್ಟು ಅದುರುತ್ತವೆ. ಹುಟ್ಟಿದ ಮಗುವಿನಲ್ಲಿ ಅವು ಒಂದು ಸೆಂಟಿಮೀಟರಿಗೂ ಗಿಡ್ಡ. ಬೆಳೆದ ಹೆಂಗಸರಲ್ಲಿ ಸುಮಾರು ಒಂದರಿಂದ ಒಂದೂವರೆ ಸೆಂಟಿಮೀಟರ್, ಗಂಡಸರಲ್ಲಿ ಒಂದೂವರೆಯಿಂದ ಎರಡು. ಉದ್ದ, ದಪ್ಪ ಆದಷ್ಟೂ ಅದುರೋದು ನಿಧಾನ, ದನಿ ಕೆಳಗೆ. ಮಾತಾಡುವಾಗ ಹೆಂಗಸರ ಧ್ವನಿತಂತುಗಳು ಸೆಕೆಂಡಿಗೆ ಹೆಚ್ಚುಕಮ್ಮಿ 200 ಸಲ ಅದುರಿದರೆ, ಗಂಡಸರವು 100ರಿಂದ 130 ಸಲ. ಇಷ್ಟು ಪುಟ್ಟ ಮಾಂಸದ ತುಂಡಿನ ಮೇಲೆ ಇಡೀ ಸಂಗೀತ ನಿಂತಿದೆ ಅಂದ್ರೆ ನಂಗಂತೂ ಆಶ್ಚರ್ಯ.

ಈ ಯಂತ್ರಕ್ಕೆ ಮೊದಲ ದೊಡ್ಡ ರಿಪೇರಿ ಹದಿಹರೆಯದಲ್ಲಿ. ಹುಡುಗೀರ ದನಿಯೂ ಆಗ ಸ್ವಲ್ಪ ಇಳಿಯುತ್ತೆ, ಎರಡು-ಮೂರು ಸ್ವರದ ಮನೆ ಅಷ್ಟು. ಹುಡುಗರದ್ದು ಹೆಚ್ಚುಕಮ್ಮಿ ಒಂದು ಪೂರ್ತಿ ಸ್ಥಾಯಿ ಕೆಳಕ್ಕೆ ಬೀಳುತ್ತೆ. ಧ್ವನಿಪೆಟ್ಟಿಗೆ ಕೆಲವೇ ತಿಂಗಳಲ್ಲಿ ಬೆಳೆದುಬಿಡುತ್ತೆ, ಆದರೆ ಅದನ್ನ ನಡೆಸೋ ಮೆದುಳಿನ ಬಳಿ ಇನ್ನೂ ಹಳೇ ಅಳತೆಯೇ ಇರುತ್ತೆ. ಸೈಕಲ್ ಓಡಿಸ್ತಿದ್ದವನಿಗೆ ರಾತ್ರೋರಾತ್ರಿ ಟ್ರ್ಯಾಕ್ಟರ್ ಕೊಟ್ಟ ಹಾಗೆ. ಹ್ಯಾಂಡಲ್ ತಿರುಗಿಸೋ ಅಂದಾಜೇ ತಪ್ಪುತ್ತೆ. ಅದಕ್ಕೇ ದನಿ ಒಡೆಯೋದು.

ಇದು ನಂಗೆ ಚೆನ್ನಾಗಿ ಗೊತ್ತು. ಎಂಟನೇ ಕ್ಲಾಸು, ರಾಜ್ಯೋತ್ಸವಕ್ಕೆ ಗುಂಪು ಹಾಡು. ಅದಕ್ಕೂ ಹಿಂದಿನ ವರ್ಷ ನಾನೇ ಮುಂದೆ ನಿಂತು ಭಾವಗೀತೆ ಹಾಡಿದ್ದೆ, ಸ್ಟೀಲ್ ಡಬ್ಬಿ ಬಹುಮಾನ ಬಂದಿತ್ತು, ಅಮ್ಮ ಅದರಲ್ಲಿ ಇವತ್ತಿಗೂ ಸಾಸಿವೆ ಇಡ್ತಾಳೆ. ಆ ವರ್ಷ ಪ್ರಾಕ್ಟೀಸ್‌ನಲ್ಲಿ ನನ್ನ ಗಂಟಲಿಂದ ಹಾಡಿನ ಬದಲು ಹುಂಜದ ಕೂಗು ಬಂತು. ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿ, "ನೀನು ತುಟಿ ಆಡ್ಸು ಸಾಕು, ಸೌಂಡ್ ಬೇಡ" ಅಂದರು. ಎಲ್ಲಾರೂ ನಕ್ಕರು. ಕೆಟ್ಟ ಮನುಷ್ಯ ಅಲ್ಲ ಅವರು, ಕಾರ್ಯಕ್ರಮ ಹಾಳಾಗಬಾರದು ಅಂತ ಹೇಳಿದ್ದು. ಆದರೆ ನಾನು ಆ ಮಾತನ್ನ ಒಂದು ದಿನದ್ದು ಅಂತ ತಗೊಳ್ಳಲಿಲ್ಲ. ಇವತ್ತಿಗೂ ರಾಷ್ಟ್ರಗೀತೆಗೆ ತುಟಿ ಮಾತ್ರ ಆಡಿಸ್ತೀನಿ. ವಾರವಾರ ಮೈಕ್ ಮುಂದೆ ಕೂತು ಮಾತಾಡೋ ನಾನು!

ಒಂದು ವರ್ಷ, ಹೆಚ್ಚೆಂದರೆ ಎರಡು ವರ್ಷದಲ್ಲಿ ದನಿ ಹೊಸ ಜಾಗದಲ್ಲಿ ಕೂರುತ್ತೆ. ಅಲ್ಲೀವರೆಗೂ ಹಾಡೋದನ್ನ ಪೂರ್ತಿ ಬಿಡಬೇಕಾಗಿಲ್ಲ. ಮೇಲಿನ ಸ್ವರಕ್ಕೆ ಕಿರುಚದೆ, ಎಲ್ಲಿ ಆರಾಮಾಗಿ ಬರುತ್ತೋ ಅಲ್ಲಿ ಹಾಡಿದರಾಯ್ತು. ಇದನ್ನ ಆಗ ಯಾರೂ ಹೇಳಲಿಲ್ಲ. ಮಕ್ಕಳ ರಿಯಾಲಿಟಿ ಶೋಗಳಲ್ಲಿ ಹತ್ತು ವರ್ಷದ ಹುಡುಗ ಗೆದ್ದಾಗ ನಾವು ಚಪ್ಪಾಳೆ ತಟ್ಟುತ್ತೀವಲ್ಲ, ಅವನಿಗೂ ಮೂರು-ನಾಲ್ಕು ವರ್ಷದಲ್ಲಿ ಇದೇ ಟ್ರ್ಯಾಕ್ಟರ್ ಕಾದಿರುತ್ತೆ. ಆ ಎಪಿಸೋಡ್ ಮಾತ್ರ ಯಾವ ಚಾನೆಲ್ಲೂ ತೋರಿಸಲ್ಲ.

ಈಗ ಒಂದು ಅಧ್ಯಯನ. 2015ರಲ್ಲಿ ಅಮೆರಿಕದ ಸ್ಟೀವನ್ ಡೆಮೊರೆಸ್ಟ್ ಮತ್ತು ಜೊತೆಗಾರರು ಮೂರು ಗುಂಪುಗಳನ್ನ ಹೋಲಿಸಿದರು: ಕಿಂಡರ್‌ಗಾರ್ಟನ್ ಮಕ್ಕಳು, ಆರನೇ ಕ್ಲಾಸಿನವರು, ಕಾಲೇಜಿನವರು. ಕೇಳಿಸಿದ ಸ್ವರವನ್ನ ಹಾಗೇ ವಾಪಸ್ ಹಾಡಬೇಕು, ಅಷ್ಟೇ ಪರೀಕ್ಷೆ. ಶಿಶುವಿಹಾರದಿಂದ ಆರನೇ ಕ್ಲಾಸಿಗೆ ಬರೋ ಹೊತ್ತಿಗೆ ನಿಖರತೆ ಚೆನ್ನಾಗಿ ಏರಿತ್ತು. ಕಾಲೇಜಿಗೆ ಬಂದರೆ? ಮೂರು ಪರೀಕ್ಷೆಗಳಲ್ಲಿ ಎರಡರಲ್ಲಿ ಅವರು ಹೆಚ್ಚುಕಮ್ಮಿ ಶಿಶುವಿಹಾರದ ಮಟ್ಟಕ್ಕೆ ಇಳಿದಿದ್ದರು. ಅಂದ್ರೆ ಇಪ್ಪತ್ತು ವರ್ಷದ, ಗಟ್ಟಿಮುಟ್ಟಾದ ಗಂಟಲಿನವರು! ಸಂಶೋಧಕರು ಕೊಡೋ ವಿವರಣೆ ಸರಳ. ಶಾಲೆಯಲ್ಲಿ ಇದ್ದಷ್ಟು ದಿನ ದಿನಾ ಹಾಡಿದರು, ಆಮೇಲೆ ನಿಲ್ಲಿಸಿದರು. ಬಳಸದ ಬಾವಿಯ ನೀರಿನ ಥರ.

ಅಂದ್ರೆ ಎರಡು ವಿಷಯ ಬೇರೆ ಬೇರೆ ಇಟ್ಟುಕೊಳ್ಳಬೇಕು. ದನಿ ಒಂದು, ಅದು ದೇಹದ್ದು, ವಯಸ್ಸಿನ ಜೊತೆ ಬದಲಾಗುತ್ತೆ. ಸ್ವರ ಹಿಡಿಯೋದು ಇನ್ನೊಂದು, ಅದು ರೂಢಿಯದ್ದು. ನಾವು ಎರಡನ್ನೂ ಸೇರಿಸಿ "ಅವನಿಗೆ ಹಾಡೋಕೆ ಬರಲ್ಲ" ಅಂತೀವಿ.

ನಿಜವಾಗಿ ಹಾಡೋಕೆ ಬರದೇ ಇರೋರು ಎಷ್ಟು ಜನ ಗೊತ್ತಾ? ಸ್ವರಗಳ ವ್ಯತ್ಯಾಸವೇ ತಿಳಿಯದ ಹುಟ್ಟು ತೊಂದರೆ ಒಂದಿದೆ, ಅಮ್ಯೂಸಿಯಾ ಅಂತಾರೆ. ಅದು ನೂರಕ್ಕೆ ಕೆಲವೇ ಕೆಲವು ಜನಕ್ಕೆ. ಉಳಿದೋರ ಕಥೆಗೆ ಕೆನಡಾದ ಮಾಂಟ್ರಿಯಲ್‌ಗೆ ಹೋಗಬೇಕು. ಅಲ್ಲಿನ ಸಿಮೋನೆ ದಲ್ಲಾ ಬೆಲ್ಲಾ, ಇಸಬೆಲ್ ಪೆರೆಟ್ಜ್ ಮುಂತಾದವರು 2007ರಲ್ಲಿ ಪ್ರಕಟಿಸಿದ ಅಧ್ಯಯನ. ಸಂಶೋಧಕ ಪಾರ್ಕಿಗೆ ಹೋಗಿ ಕಂಡಕಂಡವರನ್ನ ನಿಲ್ಲಿಸಿ, "ಇವತ್ತು ನನ್ನ ಹುಟ್ಟುಹಬ್ಬ, ನೂರು ಜನರ ಕೈಲಿ ಹಾಡಿಸ್ತೀನಿ ಅಂತ ಸ್ನೇಹಿತರ ಹತ್ರ ಪಂದ್ಯ ಕಟ್ಟಿದೀನಿ, ಒಂದು ಸಾಲು ಹಾಡಿ" ಅಂತ ಪುಸಲಾಯಿಸಿದ. ಅಲ್ಲಿ ಹುಟ್ಟುಹಬ್ಬಕ್ಕೆ ಎಲ್ಲರೂ ಹಾಡೋ ಒಂದು ಹಾಡು. ಜನ ಹಾಡಿದರು, ಇವರು ರೆಕಾರ್ಡ್ ಮಾಡಿ ಕಂಪ್ಯೂಟರಿನಲ್ಲಿ ಅಳೆದರು. ಸಾಮಾನ್ಯರು ವೃತ್ತಿ ಗಾಯಕರಿಗಿಂತ ಹೆಚ್ಚು ತಪ್ಪಿದ್ದರು, ಸರಿ. ಆದರೆ ಗಾಯಕರಿಗಿಂತ ಬೇಗ ಬೇಗ ಕೂಡ ಹಾಡಿದ್ದರು. ಆಮೇಲೆ ಕೆಲವರನ್ನ ಪ್ರಯೋಗಾಲಯಕ್ಕೆ ಕರೆಸಿ ಅದೇ ಹಾಡನ್ನ ನಿಧಾನಕ್ಕೆ ಹಾಡಿಸಿದರೆ, ಬಹುತೇಕರ ಸ್ವರ ಗಾಯಕರ ಹತ್ತಿರಕ್ಕೇ ಬಂತು. ತೊಂದರೆ ಗಂಟಲಲ್ಲಿ ಇರಲೇ ಇಲ್ಲ, ಅವಸರದಲ್ಲಿತ್ತು.

ಸರಿ, ಈಗ ಅಜ್ಜಿಯ ವಯಸ್ಸಿಗೆ ಬರೋಣ. ಅಲ್ಲಿ ಗಂಟಲಲ್ಲೂ ನಿಜವಾಗಿ ಕೆಲಸ ನಡೆಯುತ್ತೆ, ಇಲ್ಲ ಅನ್ನೋಕಾಗಲ್ಲ. ಧ್ವನಿತಂತುವಿನ ಒಳಗಿನ ಸ್ನಾಯು ತೆಳ್ಳಗಾಗುತ್ತೆ, ಅಂಚು ಬಿಲ್ಲಿನ ಹಾಗೆ ಬಾಗುತ್ತೆ. ಎರಡೂ ಪೂರ್ತಿ ಮುಚ್ಚಿಕೊಳ್ಳದೆ ನಡುವೆ ಸಂದಿ ಉಳಿದು ಗಾಳಿ ಸೋರುತ್ತೆ, ಬಾಗಿಲ ಸಂದಿಯ ಹಾಗೆ. ಮೃದ್ವಸ್ಥಿ ಗಟ್ಟಿಯಾಗಿ ಮೂಳೆಯಂತಾಗುತ್ತೆ. ಶ್ವಾಸಕೋಶದ ಅಳತೆ ಕಮ್ಮಿಯಾಗಿ, ಒಂದೇ ಉಸಿರಿಗೆ ಮುಗೀತಿದ್ದ ಸಾಲಿಗೆ ಎರಡು ಉಸಿರು ಬೇಕಾಗುತ್ತೆ. ಗಾಯಕರ ದನಿಯಲ್ಲಿ ಸಹಜವಾಗಿ ಇರೋ ಅಲೆ ಸೆಕೆಂಡಿಗೆ ಐದರಿಂದ ಏಳು ಸಲ ಇರುತ್ತೆ. ವಯಸ್ಸಾದಂತೆ ಅದು ನಿಧಾನವಾಗಿ, ಅಗಲವಾಗಿ, ಕೇಳೋರಿಗೆ ನಡುಕ ಅನ್ನಿಸೋಕೆ ಶುರುವಾಗುತ್ತೆ.

ತಮಾಷೆ ಅಂದ್ರೆ ಗಂಡಸು ಹೆಂಗಸು ಇಬ್ಬರೂ ಒಂದೇ ದಿಕ್ಕಿಗೆ ಹೋಗಲ್ಲ. ಮುಟ್ಟು ನಿಂತ ಮೇಲೆ ಹಾರ್ಮೋನ್ ಬದಲಾಗಿ ಹೆಂಗಸರ ದನಿ ಕೆಳಗಿಳಿಯುತ್ತೆ. ಗಂಡಸರಲ್ಲಿ ಸ್ನಾಯು ಸವೆದು ದನಿ ಸ್ವಲ್ಪ ಮೇಲಕ್ಕೇರುತ್ತೆ. ಅಜ್ಜಿಯ ದನಿ ದಪ್ಪ, ಅಜ್ಜನ ದನಿ ತೆಳು. ನಿಮ್ಮ ಮನೇಲಿ ಇಬ್ಬರೂ ಇದ್ದರೆ ಇವತ್ತು ಸಂಜೆ ಕಿವಿಗೊಟ್ಟು ಕೇಳಿ. (ಒಂದು ಮಾತು: ಯಾವ ವಯಸ್ಸಿನವರಿಗಾದರೂ ಗೊಗ್ಗರು ದನಿ ಮೂರು-ನಾಲ್ಕು ವಾರ ಕಳೆದರೂ ಹೋಗದಿದ್ದರೆ ವಯಸ್ಸು ಅಂತ ಬಿಡಬೇಡಿ, ಇಎನ್‌ಟಿ ಡಾಕ್ಟರಿಗೆ ತೋರಿಸಿ.)

ಆದರೆ ಈ ಕ್ಯಾಲೆಂಡರ್ ಎಲ್ಲರಿಗೂ ಒಂದೇ ಅಲ್ಲ. ಡಾ. ರಾಜ್‌ಕುಮಾರ್ ಅವರನ್ನೇ ತಗೊಳ್ಳಿ. ತೆರೆಯ ಮೇಲೆ ಅವರ ಹಾಡಿನ ದನಿ ಬಹುಕಾಲ ಪಿ.ಬಿ. ಶ್ರೀನಿವಾಸ್ ಅವರದ್ದು. 1974ರ ‘ಸಂಪತ್ತಿಗೆ ಸವಾಲ್’ ನಂತರವೇ ರಾಜ್ ತಮ್ಮ ಹಾಡುಗಳನ್ನ ತಾವೇ ಹಾಡೋದು ರೂಢಿಯಾಗಿದ್ದು. ಆಗ ಅವರಿಗೆ 45. ಗಾಯಕರಾಗಿ ರಾಷ್ಟ್ರಪ್ರಶಸ್ತಿ ಬಂದಿದ್ದು 1992ರ ‘ಜೀವನ ಚೈತ್ರ’ಕ್ಕೆ, 63ರ ಹೊತ್ತಿಗೆ. ಬೇರೆಯವರು ನಿವೃತ್ತಿ ಅರ್ಜಿ ಬರೆಯೋ ವಯಸ್ಸು. ಅದರ ಹಿಂದೆ ಮೈಕಿಲ್ಲದ ಕಾಲದಿಂದ ಬಂದ ಕಂಪನಿ ನಾಟಕದ ಗರಡಿ ಇತ್ತು ಅನ್ನೋದು ಮರೀಬಾರದು.

ಗಂಗೂಬಾಯಿ ಹಾನಗಲ್ ಅವರದ್ದು ಇನ್ನೂ ದೊಡ್ಡ ಕಥೆ. ಧಾರವಾಡದಲ್ಲಿ 1913ರಲ್ಲಿ ಹುಟ್ಟಿದವರು. 1930ರ ದಶಕದ ಅವರ ಗ್ರಾಮಫೋನ್ ತಟ್ಟೆಗಳನ್ನ ಯೂಟ್ಯೂಬಿನಲ್ಲಿ ಹುಡುಕಿ ಕೇಳಿ. ತೆಳ್ಳನೆಯ, ಎತ್ತರದ ಹೆಣ್ಣು ದನಿ. ಆಮೇಲೆ ಗಂಟಲಿಗೆ ಚಿಕಿತ್ಸೆ ಆಯಿತು, ದನಿ ಕೆಳಗೆ ಇಳಿದುಹೋಯಿತು. ನಂತರದ ರೆಕಾರ್ಡಿಂಗ್ ಕೇಳಿದರೆ, ಹೆಸರು ಹೇಳದೇ ಇದ್ದರೆ, ಗಂಡಸು ಹಾಡ್ತಿದಾರೆ ಅಂತಲೇ ಅನ್ನಿಸುತ್ತೆ. ಅವತ್ತು ಯಾರಾದರೂ ಅವರ ಹದಿನೆಂಟು ಸೆಕೆಂಡು ಕತ್ತರಿಸಿ "ಗಂಟಲು ಹೋಯ್ತು" ಅಂತ ಬರೆದಿದ್ದರೆ? ಗಂಗೂಬಾಯಿ ಹಳೇ ದನಿಯನ್ನ ಹುಡುಕಿಕೊಂಡು ಹೋಗಲಿಲ್ಲ. ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ಕಲಿತ ಕಿರಾಣಾ ಗಾಯನವನ್ನ ಹೊಸ ದನಿಗೆ ಕೂರಿಸಿದರು. ಇವತ್ತು ನಾವು ಗಂಗೂಬಾಯಿ ಅಂದ್ರೆ ನೆನಪಿಸಿಕೊಳ್ಳೋದು ಆ ಎರಡನೇ ದನಿಯನ್ನೇ. 2006ರಲ್ಲಿ, 93ನೇ ವಯಸ್ಸಿನಲ್ಲೂ ವೇದಿಕೆಯಲ್ಲಿ ಹಾಡಿದರು.

ಅವರ ಕಛೇರಿಗಳಲ್ಲಿ ಇನ್ನೊಂದು ಗಮನಿಸಿ. ಹಿಂದೆ ತಂಬೂರಿ ಹಿಡಿದು ಮಗಳು ಕೃಷ್ಣಾ ಹಾನಗಲ್ ದನಿಗೂಡಿಸುತ್ತಿದ್ದರು. ಹಿಂದೂಸ್ತಾನಿಯಲ್ಲಿ ಇದು ಹಳೇ ಪದ್ಧತಿ. ಹಿರಿಯರು ಉಸಿರು ತಗೊಳ್ಳೋವಾಗ ಶಿಷ್ಯರು ಸಾಲನ್ನ ಎತ್ತಿಕೊಂಡು ಮುಂದೆ ಒಯ್ಯುತ್ತಾರೆ, ವೇಗದ ತಾನು ಹಾಕ್ತಾರೆ. ಕರ್ನಾಟಕ ಸಂಗೀತದಲ್ಲೂ ವಯಸ್ಸಾದವರು ಶ್ರುತಿಯನ್ನ ಅರ್ಧ ಮನೆ, ಒಂದು ಮನೆ ಇಳಿಸಿಕೊಂಡು ಹಾಡ್ತಾರೆ. ಯಾರೂ ಅದನ್ನ ಸೋಲು ಅನ್ನಲ್ಲ. ವಯಸ್ಸಾಗುತ್ತೆ ಅನ್ನೋದು ಮೊದಲೇ ಗೊತ್ತಿದ್ದು, ಅದಕ್ಕೆ ಜಾಗ ಬಿಟ್ಟು ಕಟ್ಟಿದ ಮನೆ ಅದು.

ಸಿನಿಮಾ ಹಾಡಿಗೆ ಆ ಜಾಗ ಇಲ್ಲ. ಅಲ್ಲಿ ಗಾಯಕರು ಸ್ಪರ್ಧೆ ಮಾಡಬೇಕಾಗಿರೋದು ಮೂವತ್ತು ವರ್ಷದ ಹಿಂದಿನ ತಮ್ಮದೇ ರೆಕಾರ್ಡಿಂಗ್ ಜೊತೆ. ಹಾಡು ಮೂಲ ಶ್ರುತಿಯಲ್ಲೇ ಬೇಕು, ಅದೇ ಎಳೆತ ಬೇಕು, ಇಲ್ಲಾಂದ್ರೆ "ಮೊದಲಿನ ಥರ ಇಲ್ಲ" ಅಂತೀವಿ. ಮೊದಲಿನ ಥರ ನಾವಾದರೂ ಇದ್ದೀವಾ? ಎಸ್. ಜಾನಕಿ 2017ರ ಅಕ್ಟೋಬರಿನಲ್ಲಿ, 79ನೇ ವಯಸ್ಸಿಗೆ, ಮೈಸೂರಿನಲ್ಲಿ ವಿದಾಯದ ಕಛೇರಿ ಮಾಡಿ ವೇದಿಕೆಯಿಂದ ಇಳಿದರು. ಅದು ಅವರೇ ಆರಿಸಿಕೊಂಡ ದಿನ. ನಮ್ಮಜ್ಜಿಗೆ ಆ ದಿನವನ್ನ ಆರಿಸಿಕೊಟ್ಟಿದ್ದು ನಾವು.

ಹಾಗಾದ್ರೆ ನಮ್ಮ ಕಿವಿ? ಇಲ್ಲಿ ಸ್ವಲ್ಪ ಒಳ್ಳೇ ಸುದ್ದಿ, ಸ್ವಲ್ಪ ಕೆಟ್ಟದ್ದು.

ಒಳ್ಳೇದು: ಮನುಷ್ಯರ ದನಿಗೆ ನಾವು ಉದಾರಿಗಳು. ಹಾರ್ಮೋನಿಯಂನ ಅಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರವನ್ನ ನೂರು ಭಾಗ ಮಾಡಿ ಅಂತಿಟ್ಟುಕೊಳ್ಳಿ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪಿಟೀಲು 30 ಭಾಗದಷ್ಟು ತಪ್ಪಿದಾಗ ಕೇಳುಗರು ಅಪಸ್ವರ ಅಂದರು. ದನಿಯಾದರೆ 50 ಭಾಗ ತಪ್ಪೋವರೆಗೂ ಸಹಿಸಿಕೊಂಡರು. ಅಂದ್ರೆ ನಿಮ್ಮ ಪಕ್ಕದಲ್ಲಿ ಕೂತು ಹಾಡೋರ ಸಣ್ಣಪುಟ್ಟ ತಪ್ಪು ನಿಮ್ಮ ಕಿವಿಗೆ ಬೀಳೋದೇ ಇಲ್ಲ.

ಕೆಟ್ಟದ್ದು: ನಾವು ಕಿವಿಯಿಂದ ಮಾತ್ರ ಕೇಳಲ್ಲ. ಚಿಯಾ-ಜುಂಗ್ ತ್ಸಾಯ್ ಅನ್ನೋ ಸಂಶೋಧಕಿ 2013ರಲ್ಲಿ ಪಿಯಾನೊ ಸ್ಪರ್ಧೆಗಳ ಫೈನಲ್ ತುಣುಕುಗಳನ್ನ ಜನಕ್ಕೆ ಕೊಟ್ಟು, ಗೆದ್ದವರು ಯಾರು ಊಹಿಸಿ ಅಂದರು. ಕೆಲವರಿಗೆ ಶಬ್ದ ಮಾತ್ರ, ಕೆಲವರಿಗೆ ಶಬ್ದವೇ ಇಲ್ಲದ ವಿಡಿಯೊ. ಸರಿಯಾಗಿ ಊಹಿಸಿದ್ದು ಮೂಕ ವಿಡಿಯೊ ನೋಡಿದವರು. ಸಂಗೀತಗಾರರೂ ಅಷ್ಟೇ! ಗಾಯನದ್ದಲ್ಲ ಅದು, ಪಿಯಾನೊದ್ದು, ನಿಜ. ಆದರೂ ನಮ್ಮ ಗ್ರೂಪಿನ ವಿಡಿಯೊವನ್ನ ಮೊನ್ನೆ ಕಣ್ಣು ಮುಚ್ಚಿ ಮತ್ತೆ ಕೇಳಿದೆ. ದನಿ ಒಡೆಯೋದು ಒಂದೇ ಒಂದು ಕ್ಷಣ. ಉಳಿದ ಹದಿನೇಳು ಸೆಕೆಂಡು ಸ್ವರ ಸರಿಯಾಗೇ ಇದೆ. ನಾವು ನಕ್ಕಿದ್ದು ಬೊಚ್ಚು ಬಾಯಿಗೆ, ಜಾರಿದ ಸೆರಗಿಗೆ, ಕೆಮ್ಮಿಗೆ.

ಇದರ ಮೇಲೆ ಇನ್ನೊಂದು. 1997ರಲ್ಲಿ ಆಟೋಟ್ಯೂನ್ ಬಂತು. ಅದನ್ನ ಮಾಡಿದ ಆ್ಯಂಡಿ ಹಿಲ್ಡೆಬ್ರಾಂಡ್ ಮೊದಲು ಇದ್ದಿದ್ದು ತೈಲ ಉದ್ಯಮದಲ್ಲಿ, ಭೂಮಿಯೊಳಗೆ ಶಬ್ದದ ಅಲೆ ಕಳಿಸಿ ಎಣ್ಣೆ ಹುಡುಕೋ ಗಣಿತ ಅವರದ್ದು. ಆ ಥರದ ಲೆಕ್ಕವೇ ತಪ್ಪು ಸ್ವರವನ್ನ ಎಳೆದು ಸರಿ ಜಾಗಕ್ಕೆ ಕೂರಿಸುತ್ತೆ. ಇವತ್ತು ರೀಲ್ಸ್‌ನಲ್ಲಿ ನಾವು ಕೇಳೋ ದನಿಗಳಲ್ಲಿ ಬಹಳಷ್ಟು ಹೀಗೆ ಇಸ್ತ್ರಿ ಹಾಕಿದವು. ದಿನವಿಡೀ ಇಸ್ತ್ರಿ ಬಟ್ಟೆ ನೋಡಿದ ಕಣ್ಣಿಗೆ ಮನೆ ಸೀರೆ ಮುದುರಿದ ಹಾಗೆ ಕಾಣಿಸುತ್ತೆ.

ನಮ್ಮದೇ ದನಿ ರೆಕಾರ್ಡಿಂಗಿನಲ್ಲಿ ಅಸಹ್ಯ ಅನ್ನಿಸೋದೂ ಬಹುಪಾಲು ಅಭ್ಯಾಸದ ಮಾತು. ನಾವು ಮಾತಾಡುವಾಗ ತಲೆಬುರುಡೆಯ ಮೂಳೆಯ ಮೂಲಕವೂ ದನಿ ಕಿವಿಗೆ ಬರುತ್ತೆ, ಅದು ಗುಂಭವಾಗಿ ಕೇಳುತ್ತೆ. ಫೋನಿಗೆ ಆ ಮೂಳೆ ಇಲ್ಲ. ವಾಯ್ಸ್ ನೋಟ್ ಕಳಿಸಿ ತಕ್ಷಣ ಡಿಲೀಟ್ ಮಾಡೋರಿಗೆ ಇಷ್ಟು ಸಾಕು.

ಕಳೆದ ಭಾನುವಾರ ಊರಿಗೆ ಹೋಗಿದ್ದೆ. ಇಮೋಜಿ ವಿಷಯ ಹೇಳಿದೆ. "ಗೊತ್ತು ಬಿಡು, ನಿಮ್ಮತ್ತೆ ತೋರ್ಸಿದ್ಲು" ಅಂದಳು. ನಾನು ಮಹಾ ಬುದ್ಧಿವಂತನ ಹಾಗೆ ಫೋನಲ್ಲಿ ತಂಬೂರಿ ಆ್ಯಪ್ ಹಾಕಿ, "ಅಜ್ಜಿ, ಶ್ರುತಿ ಕೆಳಗಿಳಿಸಿದೀನಿ, ಈಗ ಹೇಳು" ಅಂದೆ. "ಅದೇನೋ ಅದು ಗುಂಯ್ ಅಂತದೆ, ಆರಿಸು ಮೊದ್ಲು" ಅಂದಳು.

ಆರಿಸಿದೆ. ಸ್ವಲ್ಪ ಹೊತ್ತು ಅವರೆಕಾಯಿ ಬಿಡಿಸಿದಳು. ಆಮೇಲೆ ತಾನೇ, ಮದುವೆ ಮನೇಲಿ ಹಾಡಿದ್ದಕ್ಕಿಂತ ತುಂಬಾ ಕೆಳಗೆ, ಬಹುತೇಕ ಮಾತಿನ ದನಿಯಲ್ಲಿ ಎತ್ತಿಕೊಂಡಳು. ಮೂರನೇ ಸಾಲಿಗೆ ಉಸಿರು ಸಾಲದೆ ನಿಂತಳು. ಆ ಸಾಲನ್ನ ಅಡುಗೆಮನೆಯಿಂದ ಚಿಕ್ಕಮ್ಮ ಹಿಡಿದರು. ಅಜ್ಜಿ ಉಸಿರು ತಗೊಂಡು ನಾಲ್ಕನೇ ಸಾಲಿಗೆ ಬಂದಳು. ಆಗ ನಂಗೆ ಹೊಳೆದದ್ದು: ಸೋಬಾನೆ, ಆರತಿ ಹಾಡು ಯಾವತ್ತೂ ಒಬ್ಬರೇ ಹಾಡೋದಲ್ಲ. ಒಬ್ಬರು ಮುಂದೆ ಹೇಳೋದು, ಉಳಿದವರು ಹಿಂದೆ ಹೇಳೋದು. ಆ ಮದುವೆಯಲ್ಲಿ ಹಿಂದೆ ಹೇಳೋರು ಯಾರೂ ಇರಲಿಲ್ಲ, ಎಲ್ಲರ ಕೈಯಲ್ಲೂ ಫೋನಿತ್ತು.

"ನೀನೂ ಹೇಳೋ" ಅಂದಳು. ಎಂಟನೇ ಕ್ಲಾಸಿನ ನಂತರ ಮೊದಲ ಸಲ ಬಾಯಿ ಬಿಟ್ಟೆ. ಎಲ್ಲೋ ಶುರು ಮಾಡಿ ಎಲ್ಲೋ ಮುಗಿಸಿದೆ. ಅಜ್ಜಿ ಅವರೆಕಾಯಿ ಮೊರ ಪಕ್ಕಕ್ಕಿಟ್ಟು ನನ್ನ ಮುಖ ನೋಡಿದಳು. "ಓಡ್ತೀಯ ಕಣೋ ನೀನು. ನಿಧಾನಕ್ಕೆ ಹೇಳು" ಅಂದಳು. ಮಾಂಟ್ರಿಯಲ್ ಪಾರ್ಕಿನ ಕಥೆ ಅವಳಿಗೆ ನಾನು ಹೇಳಿರಲಿಲ್ಲ.

ಎರಡನೇ ಸಲ ಹೇಳಿದೆ. ಚಿಕ್ಕಮ್ಮ ಒಳಗಿಂದ "ಈಗ ಪರವಾಗಿಲ್ಲ" ಅಂದರು.

ರೆಕಾರ್ಡ್ ಮಾಡ್ಲಾ ಅಂತ ಕೇಳಿದೆ. "ಮಾಡ್ಕೋ. ಕಥೆ ಬೇಕಾದ್ರೆ ಹೇಳ್ಕೋ, ಹಾಡು ಮಾತ್ರ ಎಲ್ಲೂ ಹಾಕ್ಬೇಡ" ಅಂದಳು. ಹಾಗಾಗಿ ಈ ಸಂಚಿಕೆಯಲ್ಲಿ ಆ ಹಾಡು ಇಲ್ಲ. ಮುಂದಿನ ವಾರ ಸಿಗೋಣ.